ಹನ್ನೊಂದಕ್ಕೆ ಹನ್ನೊಂದು

ಅಂಗೈಯ ಲಿಂಗಕ್ಕೆ ನೀರೆರೆಯುತ್ತಿರುವಾಗಲೇ ಗಾಳಿ ತಿರುಗಿತು. ಅಡಿವೆಯ್ಯ ಕಣ್ಣು ತೆರೆಯಲಿಲ್ಲ. ಕಾಗದದ ಗಿರಣಿಯ ವಾಸನೆ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಬಂದು, ವಿಭೂತಿಯನ್ನು ದಾಟಿ, ಬಿಲ್ವಪತ್ರೆಯನ್ನು ದಾಟಿ, ಅವನ ಮೂಗಿನ ಬುಡದಲ್ಲಿ ಕೂತಿತು. ಬಿದಿರು ಬೇಯುವ ವಾಸನೆ ಅದು. ಕೊಳೆತ ಗಜ್ಜರಿಯಂಥದು, ಬಹಳ ದಿನ ಬಾಯಿ ಮುಚ್ಚಿಟ್ಟ ಹರಿವಿಯಂಥದು. ದಾಂಡೇಲಿಯಲ್ಲಿ ನಾಲ್ಕು ವರ್ಷ ಇದ್ದವರಿಗೆ ಅದು ವಾಸನೆಯೇ ಅಲ್ಲ. ಹೊಸಬರು ಬಂದು ಸೆರಗನ್ನು ಮೂಗಿಗೆ ಹಿಡಿದಾಗ ಮಾತ್ರ ನೆನಪಾಗುವಂಥದು. ಹೋದ ವರ್ಷದ ಚೈತ್ರದವರೆಗೆ ಅವನಿಗೂ ಹಾಗೆಯೇ ಇತ್ತು. ಇದು ಗಿರಣಿಯದು, ಎಂದು ಈಗ ಮನಸ್ಸಿನಲ್ಲೇ ಅಂದುಕೊಂಡ. ಅಂದುಕೊಂಡ ಕೂಡಲೇ ಎಡಗೈ ಅಲುಗಿ ಲಿಂಗದ ಮೇಲಿನ ಹೂವು ಚಾಪೆಗೆ ಬಿತ್ತು. ಇದೇ ಮಾತನ್ನು, ಇದೇ ಸಮಾಧಾನದಿಂದ, ಅವನು ಹಿಂದೊಮ್ಮೆ ಅಂದುಕೊಂಡಿದ್ದ. ಬಿದ್ದ ಹೂವನ್ನು ಎತ್ತಲಿಲ್ಲ. ಅರವತ್ತೆರಡು ವರ್ಷದಲ್ಲಿ ಪೂಜೆಯ ನಡುವೆ ಮಾತಾಡಿದವನಲ್ಲ, ಇಂದು ಲಿಂಗದ ಜೊತೆಗೇ ಆಡಿದ. “ಗೊತ್ತಿದ್ದರ ಹೇಳು. ಇಲ್ಲದಿದ್ದರ ನಾ ಮಾಡೂದು ನೋಡಕೋತ ಕೂಡು,” ಅಂದ. ಲಿಂಗವನ್ನು ಒರೆಸಿ, ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಕಟ್ಟಿಕೊಂಡು ಎದ್ದ. ಮೊಣಕಾಲು ಕಟಕಟ ಅಂದವು. ಇಂದು ನಾಲ್ಕನೆಯ ಮಂಚದ ಹುಡುಗಿಯ ಹದಿನೆಂಟನೆಯ ದಿನ.

ಹದಿನೆಂಟು ಎಂದು ಹೇಳಿದವನು ಅವನೇ. ಹಳಿಯಾಳದ ರಸ್ತೆಯ ಆ ಸಣ್ಣ ದವಾಖಾನೆಯಲ್ಲಿ ಅವನು ಗಾಯ ತೊಳೆದು ಕಟ್ಟುವ ಡ್ರೆಸರ್. ಮೂವತ್ತೊಂದು ವರ್ಷದ ಕೈ. ಮೊದಲು ಧಾರವಾಡ, ಆಮೇಲೆ ಹಳಿಯಾಳ, ಗಿರಣಿ ಬಂದ ಮೇಲೆ ಇಲ್ಲಿ. ದಿನ ಹೇಳುವುದು ಅವನಿಗೆ ಯಾರೂ ಕೊಟ್ಟ ಕೆಲಸವಲ್ಲ, ಕನಿಕರದಿಂದ ಹತ್ತಿಕೊಂಡದ್ದು. ಜೋಯಿಡಾದ ಅಡವಿಯಿಂದ, ಮುಂಡಗೋಡದ ಹಳ್ಳಿಗಳಿಂದ ಕೈಕಾಲು ಮುರಿದ ಮಕ್ಕಳನ್ನು ಹೊತ್ತು ತರುವವರು ಮೊದಲು ಕೇಳುವುದು ಕೂಸು ಉಳಿಯುವುದೇ ಎಂದು. ಎರಡನೆಯದು, ಎಷ್ಟು ದಿನ ಎಂದು. ದನಗಳನ್ನು ಯಾರ ಕೈಗೆ ಒಪ್ಪಿಸಿ ಬಂದಿರುತ್ತಾರೋ, ಎಷ್ಟು ದಿನದ ರೊಟ್ಟಿ ಗಂಟಿನಲ್ಲಿ ಇರುತ್ತದೋ. ಡಾಕ್ಟರುಗಳು ನೋಡೋಣ ಎನ್ನುತ್ತಿದ್ದರು. ನೋಡೋಣ ಎಂಬ ಮಾತಿಗೆ ಎಷ್ಟು ರೊಟ್ಟಿ ಬಡಿಯಬೇಕು? ಅಡಿವೆಯ್ಯ ಗಾಯ ತೊಳೆಯುತ್ತ ತೊಳೆಯುತ್ತ ಒಂದು ಅಂಕಿ ಹೇಳುತ್ತಿದ್ದ. ಗಾಯವನ್ನಷ್ಟೇ ನೋಡಿ ಅಲ್ಲ. ಮಗು ನೀರಿನ ತಂಬಿಗೆಗೆ ಕೈ ಚಾಚಿತೋ ಇಲ್ಲವೋ, ಅಳು ಗಂಟಲಿಂದ ಬಂತೋ ಹೊಟ್ಟೆಯಿಂದ ಬಂತೋ, ತಾಯಿ ಮಗುವಿನ ಮುಖ ನೋಡುತ್ತಾಳೋ ಬಾಗಿಲ ಕಡೆ ನೋಡುತ್ತಾಳೋ ನೋಡಿ ಹೇಳುತ್ತಿದ್ದ. ಎಲ್ಲಕ್ಕಿಂತ ಕೊನೆಗೆ ಮೂಗು. ಬಾಗಿ, ಕಣ್ಣು ಮುಚ್ಚಿ, ಗಾಯದ ವಾಸನೆ ತೆಗೆದುಕೊಂಡು ಹೇಳುತ್ತಿದ್ದ. ಒಂಬತ್ತು. ಇಪ್ಪತ್ತೆರಡು. ಹದಿಮೂರು. ಆಗುತ್ತಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮೇಲಾಗಿ ಜಂಗಮ. ಅಯ್ಯನವರ ಬಾಯಿಂದ ಬಂದ ಅಂಕಿಯನ್ನು ಜನ ಪ್ರಸಾದದಂತೆ ಸೆರಗಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಅದರಲ್ಲಿ ಅವನಿಗೆ ಒಂದು ಸುಖವಿತ್ತು. ಈಗ ಆ ಸುಖವನ್ನು ನೆನೆದರೆ ಬಾಯಿ ಕಹಿಯಾಗುತ್ತದೆ.

ಪಡಸಾಲೆಯ ಮೆಟ್ಟಿಲ ಮೇಲೆ ಗೋದುಬಾಯಿ ಕೂತು ಬಟ್ಟೆಯ ಪಟ್ಟಿ ಸುತ್ತುತ್ತಿದ್ದಳು. ಬೆಳಗಾವಿಯ ಕಡೆಯವಳು, ಮಕ್ಕಳ ವಾರ್ಡಿನ ಆಯಾ, ಗಂಡ ಗಿರಣಿಯಲ್ಲಿ.

“ಅಗಬಾಯಿ, ಅಯ್ಯಾರ, ಇವತ್ತ ಹಣಿಮ್ಯಾಲೆ ಮೂರ ಗೆರಿ ಇದ್ದದ್ದು ಎರಡ ಆಗ್ಯಾವಲ್ಲ. ದೇವರ ಕೂಡ ಜಗಳಾ ಮಾಡಿ ಬಂದಿರೇನು?”

“ಹೂಂ, ಮಾಡೇನಿ.”

“ಯಾರ ಗೆದ್ದರು?”

“ಇನ್ನೂ ನಡದೈತಿ. ನಾಕನೇ ಮಂಚದ ಹುಡಿಗಿಗೆ ಜ್ವರಾ?”

“ಇಲ್ಲರಿ. ಬೆಚ್ಚಗ ಅದಾಳ, ಅಷ್ಟ. ಮುಂಜಾನೆ ಒಂದ ಪೂರಾ ರೊಟ್ಟಿ ತಿಂದಾಳ. ಕಡೀ ರೊಟ್ಟಿ ಅಂತ, ಅವ್ವಗ ಕೊಡಲಾರದ ತಿಂದ್ಳು.” ಗೋದುಬಾಯಿ ನಕ್ಕಳು, ಆಮೇಲೆ ಅವನ ಮುಖ ನೋಡಿ ನಗೆ ನಿಲ್ಲಿಸಿದಳು. “ಮತ್ತ ಅದೇನ್ರಿ? ವಾಸನಿ? ನಿನ್ನೆನ ಹೇಳೇನಲ್ಲ, ಅದು ಗಿರಣೀದು. ನನ್ನ ಗಂಡನ ಅಂಗಿ ತಂದ ಕೊಡಲೇನು, ಮೂಸಿ ನೋಡತೀರಿ?”

ಬೆಚ್ಚಗೆ. ಕಾಶಿಯ ಮೈಯೂ ಹತ್ತನೆಯ ದಿನ ಬೆಚ್ಚಗೆ ಇತ್ತು. ಕಾಶೆವ್ವ ಅವನ ಮಗಳ ಮಗಳು, ಏಳು ವರ್ಷದವಳು. ಹಳಿಯಾಳದಲ್ಲಿ ಪೇರಲ ಗಿಡದಿಂದ ಬಿದ್ದು ಬಲಗೈಯ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ಮಗಳು ಶಿವವ್ವ ಬಸ್ಸಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಡಾಕ್ಟರು ಎಲುಬು ಕೂಡಿಸಿ ಪ್ಲಾಸ್ಟರು ಹಾಕಿದರು. “ಎಷ್ಟ ದಿನ ಅಪ್ಪಾ?” ಎಂದು ಶಿವವ್ವ ಕೇಳಿದಳು, ಊರವರೆಲ್ಲ ಕೇಳಿದ ಹಾಗೆ. ಅವನು ಊರವರಿಗೆಲ್ಲ ಹೇಳಿದ ಹಾಗೆ ಹೇಳಿದ, ಹನ್ನೊಂದು. ಆಗ ವಾರ್ಡಿಗೆ ದಿನ ಬರೆಯುವ ಸ್ಲೇಟುಗಳು ಬಂದು ಐದು ತಿಂಗಳಾಗಿತ್ತು. ಪುಣೆಯಲ್ಲಿ ಓದಿ ಬಂದ ಈ ಹೊಸ ಡಾಕ್ಟರು ಒಂದು ದೊಡ್ಡ ವಹಿಯಲ್ಲಿ ಗೆರೆ ಹೊಡೆದಿದ್ದರು: ಮಗುವಿನ ವಯಸ್ಸು, ಯಾವ ಎಲುಬು, ಎಷ್ಟು ಹರದಾರಿಯಿಂದ ಬಂತು, ಬಿದ್ದ ಎಷ್ಟು ಹೊತ್ತಿಗೆ ಬಂತು, ಜ್ವರ ಎಷ್ಟು. ಇವುಗಳಿಂದ ಮಗು ಎಷ್ಟು ದಿನ ಇರುತ್ತದೆ ಎಂದು ಮೊದಲೇ ತಿಳಿಯಬೇಕು, ತಿಳಿದರೆ ಮಕ್ಕಳ ಆರು ಮಂಚ ಹತ್ತು ಮಂಚದ ಕೆಲಸ ಮಾಡುತ್ತವೆ ಎಂಬುದು ಅವರ ಆಸೆ. ಕೆಟ್ಟ ಆಸೆಯೇನಲ್ಲ. ಮಂಚ ಸಿಗದೆ ಹೊರಗಿನ ಕಟ್ಟೆಯ ಮೇಲೆ ಮಕ್ಕಳು ಮಲಗಿದ್ದನ್ನು ಅಡಿವೆಯ್ಯನೂ ಕಂಡಿದ್ದ. ಡಾಕ್ಟರು ತಮ್ಮ ಅಂದಾಜಿನ ಪಕ್ಕದಲ್ಲಿ ಅಡಿವೆಯ್ಯನ ಅಂದಾಜಿಗೂ ಒಂದು ಸಾಲು ಬಿಟ್ಟರು. ಸರಿಯಾದರೆ ಕೆಂಪು ಮಸಿಯ ಗುರುತು. ಮುದುಕನ ಸಾಲಿನಲ್ಲೇ ಕೆಂಪು ಹೆಚ್ಚು ಬೀಳತೊಡಗಿದಾಗ ಡಾಕ್ಟರು ನಕ್ಕು, ಇನ್ನು ಮೇಲೆ ಸ್ಲೇಟಿನ ಮೇಲೆ ನಿಮ್ಮ ಅಂಕಿಯನ್ನೇ ಬರೆಯಿರಿ ಅಂದರು. ಮಂಚದ ಕಾಲ ಕಡೆ ಸ್ಲೇಟು ತೂಗಿಬಿದ್ದವು. ಒಬ್ಬ ತಾಯಿಯಂತೂ ಸ್ಲೇಟಿಗೆ ಕುಂಕುಮ ಹಚ್ಚಿದ್ದಳು.

ಕಾಶಿಯ ಹತ್ತನೆಯ ದಿನ ಸಂಜೆ ಅವನು ಬಾಗಿ ಪ್ಲಾಸ್ಟರಿನ ತುದಿಗೆ ಮೂಗು ಇಟ್ಟ. ಬೆರಳುಗಳ ಹತ್ತಿರ ಒಂದು ವಾಸನೆ ಇತ್ತು. ಇತ್ತು. ಸಿಹಿಯಾದದ್ದು, ಹುಳಿತ ಬೆಲ್ಲದಂಥದು. ಅದೇ ಹೊತ್ತಿಗೆ ಕಿಟಕಿಯಿಂದ ಗಿರಣಿಯ ಗಾಳಿ ಬಂತು. ಅದೇ ಹೊತ್ತಿಗೆ ಬಾಗಿಲಲ್ಲಿ ಡಾಕ್ಟರು ನಿಂತು, “ಅಯ್ಯಾರ, ನಾಳೆ ನಿಮ್ಮ ಮೊಮ್ಮಗಳು ಮನಿಗೆ ಹ್ವಾದ್ಲಂದ್ರ ಐವತ್ತಕ್ಕ ನಾಲ್ವತ್ತು ಖರೇ ಆದಂಗ ನೋಡ್ರಿ. ಪುಣೆದಾಗ ನಮ್ಮ ಗುರುಗಳು ನಂಬೂದಿಲ್ಲ,” ಅಂದರು. ಅವನು ನೆಟ್ಟಗಾದ. ಇದು ಗಿರಣಿಯದು, ಅಂದುಕೊಂಡ. ಹನ್ನೊಂದನೆಯ ದಿನ ಶಿವವ್ವ ಕೂಸನ್ನು ಎತ್ತಿಕೊಂಡು ಹೊರಟಾಗ ಎಲ್ಲರೆದುರಿಗೆ, “ನಮ್ಮಪ್ಪ ಅಂದಂಗ ಆತು ನೋಡ್ರಿ,” ಎಂದು ಹೆಮ್ಮೆಯಿಂದ ಹೇಳಿದಳು. ಐದು ದಿನಕ್ಕೆ ಹಳಿಯಾಳದಿಂದ ಬರುವ ಬಸ್ಸಿನಲ್ಲಿ ಕಾಶಿ ತೀರಿಕೊಂಡಳು. ಪ್ಲಾಸ್ಟರು ಬಿಚ್ಚಿದಾಗ ಕೈ ಕರ್ರಗಾಗಿತ್ತು. ಮಣ್ಣು ಮಾಡುವ ದಿನ ಬೇರೆ ಅಯ್ಯನನ್ನು ಕರೆಸಬೇಕಾಯಿತು. ತೀರಿದವರ ತಲೆಯ ಮೇಲೆ ಜಂಗಮ ಪಾದ ಇಡಬೇಕು, ಆ ತಲೆಯ ಮೇಲೆ ಇಡಲು ಅವನ ಕಾಲು ಏಳಲಿಲ್ಲ. ಮೊಮ್ಮಗಳ ಮೇಲಿನ ಮಮತೆ ಎಂದರು ಜನ. ವಾಸನೆಯ ಮಾತನ್ನು ಅವನು ಯಾರಿಗೂ ಹೇಳಲಿಲ್ಲ, ಶಿವವ್ವನಿಗೂ.

ವಾರ್ಡಿನ ಒಳಗೆ ಸುಣ್ಣದ ತಂಪು ಇತ್ತು. ನಾಲ್ಕನೆಯ ಮಂಚದ ಹುಡುಗಿ ಶಿವಗಂಗವ್ವ, ಎಂಟು ವರ್ಷ, ಎಲ್ಲರ ಬಾಯಲ್ಲಿ ಗಂಗಿ. ಅವಳ ಜನ ಮುಂಡಗೋಡದ ಚಿಗಳ್ಳಿಯವರು. ಶಿವರಾತ್ರಿಯಿಂದ ಮಳೆಗಾಲದವರೆಗೆ ಬಂಡಿ ಕಟ್ಟಿಕೊಂಡು ಬಂದು, ಅಡವಿಯಿಂದ ಗಿರಣಿಗೆ ಬಿದಿರು ಹೇರಿ, ಬಿತ್ತಿಗೆಗೆ ಹಿಂದಿರುಗುವವರು. ಬಂಡಿಯಿಂದ ಬಿದಿರಿನ ಹೊರೆ ಜಾರಿ ಎಡಗಾಲಿನ ಮೇಲೆ ಬಿದ್ದಿತ್ತು. ಮೊಣಕಾಲ ಕೆಳಗೆ ಎಲುಬು ಎರಡು ತುಂಡು, ನಡುವೆ ಗಾಯ. ಈಗ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ತಾಯಿ ಮಾಲವ್ವ ಮಂಚದ ಕೆಳಗಿಂದ ಗಂಟು ಎಳೆದು ಕಟ್ಟುತ್ತಿದ್ದಳು. ರೊಟ್ಟಿ ತಂದ ಬಿದಿರ ಬುಟ್ಟಿ ಬರಿದಾಗಿತ್ತು. ಹದಿನೆಂಟು ಎಂದು ಕೇಳಿದ ದಿನ ಅವಳು ಹೊಳೆದಂಡೆಯ ಬಂಡಿಗಳ ನಡುವೆ ಒಲೆ ಹೂಡಿ, ಎರಡು ದಿನ ಕೂತು, ಹದಿನೆಂಟು ದಿನಕ್ಕೆ ಬೇಕಾದಷ್ಟು, ಒಣಗಿಸಿದರೆ ಕೆಡದ ಕಟಕ ರೊಟ್ಟಿ ಬಡಿದು ತಂದಿದ್ದಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೆಚ್ಚು ಬಡಿದರೆ ಅಯ್ಯನವರ ಮಾತಿನಲ್ಲಿ ನಂಬಿಕೆ ಇಲ್ಲ ಎಂದಾಗುತ್ತದೆ, ಎಂದು ಅವಳೇ ಒಮ್ಮೆ ಹೇಳಿದ್ದಳು. ಅಡಿವೆಯ್ಯ ಆ ಬುಟ್ಟಿಯ ತಳವನ್ನು ನೋಡಿದ. ತನ್ನ ನಾಲಿಗೆ ಎಷ್ಟು ದೂರ ಹೋಗಿ ಏನೇನು ಮಾಡುತ್ತದೆ ಎಂದು ಆಶ್ಚರ್ಯವಾಯಿತು. ಅಂಕಿ ಮೊದಲು ಹುಟ್ಟುತ್ತದೆ. ಆಮೇಲೆ ರೊಟ್ಟಿ ಅದರಂತೆ ತೀರುತ್ತದೆ, ಬಂಡಿ ಅದರಂತೆ ಬಂದು ನಿಲ್ಲುತ್ತದೆ, ಮಗು ಅದರಂತೆ ಹೊರಡುತ್ತದೆ. ಕೊನೆಗೆ ಎಲ್ಲರೂ ಸೇರಿ, ನೋಡ್ರಿ, ಮುದುಕ ಅಂದಂಗ ಆತು ಎನ್ನುತ್ತಾರೆ. ಆಗದೆ ಏನಾಗುತ್ತದೆ?

ಗಂಗಿ ಅವನನ್ನು ನೋಡಿ ಬೆರಳು ಮಡಚಿ ತೋರಿಸಿದಳು. “ಅಜ್ಜಾ, ಮುಗದ್ವು. ನಮ್ಮಪ್ಪ ಬರಾಕತ್ತಾನ.”

ಬಾಗಿದ. ಪಾದದ ಬೆರಳುಗಳನ್ನು ಒತ್ತಿದ. ಬಿಳುಚಿ ಮತ್ತೆ ಕೆಂಪಾದವು. ಪ್ಲಾಸ್ಟರಿನ ತುದಿಗೆ ಮೂಗು ಇಟ್ಟ. ಇತ್ತು. ಇಲ್ಲ, ಅದು ಕಿಟಕಿಯದು. ಮೂಗು ಮುಚ್ಚಿ, ಮತ್ತೆ ತೆರೆದು ನೋಡಿದ. ಇತ್ತು. ಹುಳಿತ ಬೆಲ್ಲವೋ, ಕೊಳೆತ ಗಜ್ಜರಿಯೋ? ಒಂದು ಕಾಲಕ್ಕೆ ಕತ್ತಲಲ್ಲೂ ಬೇರೆ ಬೇರೆ ಹೇಳುತ್ತಿದ್ದ ಮೂಗು ಈಗ ಸಾಕ್ಷಿಕಟ್ಟೆಯಲ್ಲಿ ನಿಂತ ಕಳ್ಳನಂತೆ ತೊದಲಿತು. ಹದಿನಾಲ್ಕು ತಿಂಗಳಿಂದ ಅವನಿಗೆ ಎಲ್ಲ ಕಡೆಯೂ ಕಾಶಿಯ ಕೈಯೇ ನಾರುತ್ತಿತ್ತು. ನೀರಿನ ಹಂಡೆಯಲ್ಲಿ, ಹಾಸಿಗೆಯಲ್ಲಿ, ಒಮ್ಮೆ ಉಳವಿಗೆ ನಡೆದುಹೋದಾಗ ಗುಡಿಯ ಮುಂದೆ ಕೊಟ್ಟ ಪ್ರಸಾದದಲ್ಲಿ ಕೂಡ.

“ಮತ್ತ ಶುರು ಆತೇನ್ರಿ ನಿಮ್ಮ ಮೂಗಿನ ಕಂಪೌಂಡರಿಕಿ?” ಡಾಕ್ಟರು ಒಳಗೆ ಬಂದಿದ್ದರು, ಕೈಯಲ್ಲಿ ವಹಿ. ಹಿಂದೆ ಗೋದುಬಾಯಿ.

“ಸಾಹೇಬರ, ಈ ಪ್ಲಾಸ್ಟರಿಗೆ ಇವತ್ತ ಒಂದ ಕಿಟಕಿ ಕೊರೀಬೇಕು. ಗಾಯದ ಮ್ಯಾಲೆ. ಒಳಗ ನೋಡೂಣು.”

“ನಿನ್ನೆ ಹೇಳಿದ್ನಲ್ಲ. ಗಾಯದ ಮ್ಯಾಲೆ ಪ್ಲಾಸ್ಟರ ಹಾಕಿದರ ನಾರತದ. ನಾರೂದ ಸಹಜ, ಪುಸ್ತಕದಾಗ ಬರದಾರ. ಜ್ವರಾ ಇಲ್ಲ, ಬೆರಳ ಚೊಲೋ ಅದಾವ. ಕೊರದರ ಎಲುಬಿಗೆ ಆಧಾರ ಹೋಗತದ. ಮ್ಯಾಲೆ, ಪ್ಲಾಸ್ಟರಿನ ಪುಡಿ ಹುಬ್ಬಳ್ಳಿಂದ ಬರೂದು ಮುಂದಿನ ವಾರ. ಇರೂದು ಒಂದ ಡಬ್ಬಿ.”

“ಆ ಡಬ್ಬಿ ಇದಕ್ಕ ಯಾಕ ಖರ್ಚ ಮಾಡಬಾರದು?”

“ಹೊರಗ ಕಟ್ಟೀಮ್ಯಾಲೆ ತೊಡಿ ಮುರದ ಹುಡುಗ ಮಲಗ್ಯಾನ. ಅವಗ ಈ ಮಂಚ, ಅವಗ ಆ ಡಬ್ಬಿ. ಬಂಡಿಯವರು ಮೂರ ದಿನಕ್ಕ ಚಿಗಳ್ಳಿ ಮುಟ್ಟತಾರ. ಐದ ವಾರಕ್ಕ ಕರಕೊಂಡ ಬರ್ಲಿ, ಬಿಚ್ಚೂಣು.” ಡಾಕ್ಟರು ಸ್ಲೇಟಿನ ಮೇಲೆ ಬೆರಳಿನಿಂದ ಬಡಿದರು. “ನಿಮ್ಮ ಅಂಕೀನ ಅಲ್ಲ ಇದು? ನಾ ಇಪ್ಪತ್ನಾಕ ಅಂದಿದ್ದೆ. ನೀವ ಗೆದ್ದೀರಿ. ಗೆದ್ದ ಮ್ಯಾಲೆ ಯಾಕ ಅಳತೀರಿ?” ಎರಡನೆಯ ಮಂಚದ ಹತ್ತಿರದವರು ನಕ್ಕರು. ಡಾಕ್ಟರು ನಗುತ್ತ ನಗುತ್ತಲೇ ದನಿ ತಗ್ಗಿಸಿದರು. “ಅಯ್ಯಾರ, ಮೊಮ್ಮಗಳು ಹ್ವಾದಾಗಿಂದ ನೀವು ಉಳವಿಗೆ ಹೋದದ್ದ ಬಿಟ್ಟರ ಒಂದ ದಿನಾನೂ ರಜಾ ತಗೊಂಡಿಲ್ಲ. ತಗೋರಿ. ಮೂಗಿಗೂ ಆರಾಮ ಬೇಕು.”

ಕರುಣೆಯಿಂದಲೇ ಅಂದರು. ಕರುಣೆ ಎಂದು ತಿಳಿದೇ ಅವನ ಕಿವಿ ಬಿಸಿಯಾಯಿತು. ಡಾಕ್ಟರು ಹೊರರೋಗಿಗಳ ಕೋಣೆಗೆ ಹೋದರು. ವಹಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೋದರು, ಹುಡುಗಿ ಹೊರಟ ಮೇಲೆ ಬಂದು ಗುರುತು ಹಾಕಲು.

ಹಾಗೆ ಬಿಟ್ಟ ವಹಿಯನ್ನು ಅವನು ಹಿಂದೆ ಒಂದು ಸಲ ತೆರೆದಿದ್ದ, ಕಾಶಿ ತೀರಿದ ಇಪ್ಪತ್ತನೆಯ ದಿನ. ಬೇರೆ ಯಾರದೋ ಹೆಸರು ಹುಡುಕುತ್ತಿದ್ದೇನೆ ಎಂದು ತನಗೇ ಸುಳ್ಳು ಹೇಳಿಕೊಂಡು ತೆರೆದಿದ್ದ. ಕಾಶೆವ್ವ, ಏಳು ವರ್ಷ, ಬಲಗೈ, ಹಳಿಯಾಳ. ಡ್ರೆಸರನ ಅಂದಾಜು ಹನ್ನೊಂದು. ಇದ್ದ ದಿನ ಹನ್ನೊಂದು. ಪಕ್ಕದಲ್ಲಿ ಕೆಂಪು ಮಸಿಯ ಗುರುತು, ಗಿಳಿಯ ಮೂಗಿನ ಹಾಗೆ ಚೂಪಾಗಿ. ಆಮೇಲಿನದಕ್ಕೆ ಅಲ್ಲಿ ಸಾಲೇ ಇರಲಿಲ್ಲ. ಬಾಗಿಲು ದಾಟಿದ ಮೇಲೆ ಮಗು ಉಂಡಿತೋ, ಆಡಿತೋ, ಸತ್ತಿತೋ, ಆ ವಹಿಗೆ ಬೇಕಾಗಿರಲಿಲ್ಲ. ಅಲ್ಲಿ ಕಾಶಿ ಸರಿಯಾದ ಉತ್ತರವಾಗಿದ್ದಳು. ಇಂದು ಅದರ ಕೆಳಗೆ, ಎಷ್ಟೋ ಹೆಸರುಗಳ ಕೆಳಗೆ, ಇನ್ನೊಂದು ಕೆಂಪು ಗುರುತು ಬೀಳಲಿದೆ. ಚಿಗಳ್ಳಿಯಿಂದ ಸುದ್ದಿ ಬರುವುದಿಲ್ಲ. ಬಂದರೂ ಮಳೆಗಾಲ ಕಳೆದ ಮೇಲೆ, ಯಾರೋ ಬಂಡಿಯವನು ಹೊಗೆಸೊಪ್ಪು ತಿಕ್ಕುತ್ತ, ಆ ಹುಡಿಗಿ ಅಲ್ರೀ, ಅದು ಹೋತು, ಅಂದಾನು.

ಹೊರಗೆ ಎತ್ತಿನ ಗೆಜ್ಜೆ ಸದ್ದು. ಗಂಗಿಯ ಅಪ್ಪ ನಾಗಲಿಂಗಪ್ಪ ಬಾರುಕೋಲನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದ. ಬಾಗಿ ಅಡಿವೆಯ್ಯನ ಪಾದ ಮುಟ್ಟಿದ.

“ನಿಮ್ಮ ಬಾಯಿ ಬಂಗಾರ ಆಗ್ಲಿ ಅಜ್ಜಾರ. ಹದಿನೆಂಟಂದ್ರ ಹದಿನೆಂಟು. ಏಳ ಬಂಡಿ ರಸ್ತೆದಾಗ ನಿಂತಾವ. ಪಡುವಲ ಮೋಡ ನೋಡೀರೇನು? ನಾಕ ದಿನ ತಡಾ ಆದರ ಹಳ್ಳಾ ಬರ್ತಾವ, ಬಿತ್ತಿಗಿ ಹೋಗ್ತದ. ಬಂಡ್ಯಾಗ ಹುಲ್ಲ ಹಾಸೇನಿ, ಹುಡಿಗಿ ರಾಣಿ ಹಂಗ ಮಲಗಿ ಬರ್ಲಿ.”

“ನಾಗಲಿಂಗಪ್ಪ, ಹುಡಿಗಿ ಇವತ್ತ ಬರೂದಿಲ್ಲ.”

“ಆಂ?”

“ನಾ ಹೇಳಿದ್ದು ಸುಳ್ಳು.”

ನಾಗಲಿಂಗಪ್ಪ ಮೊದಲು ನಕ್ಕ, ಮುದುಕ ಚೇಷ್ಟೆ ಮಾಡುತ್ತಾನೆ ಎಂದು. ಆಮೇಲೆ ಹೆಂಡತಿಯ ಮುಖ ನೋಡಿದ. “ಅಯ್ಯಾಗೋಳ ಮಾತು ಸುಳ್ಳಾಗತದೇನ್ರಿ? ಡಾಕ್ಟರ ಹೋಗಂದಾರಂತ, ಬಾಗಲದಾಗ ಆಯಾಬಾಯಿ ಹೇಳಿದ್ಲು.”

ಅಡಿವೆಯ್ಯ ಅವನನ್ನು ದಾಟಿದ. ಮಾಲವ್ವನ ಎದುರು ಬಂದು ನಿಂತ. ಮೂವತ್ತೊಂದು ವರ್ಷ ಜನ ಅವನ ಎದುರು ನಿಂತು ಕೇಳಿದ್ದರು. ಅವನು ಯಾರ ಎದುರೂ ಹೀಗೆ ನಿಂತಿರಲಿಲ್ಲ. “ತಂಗೀ, ಈ ಪ್ಲಾಸ್ಟರ ನಾ ಈಗ ಕೊರೀತೇನಿ. ಡಾಕ್ಟರು ಬ್ಯಾಡ ಅಂದಾರ. ಕೂಸು ನಿಂದು. ನೀ ಹೂಂ ಅನ್ನಬೇಕು.”

“ಒಳಗ ಏನೈತ್ರಿ?”

“ಗೊತ್ತಿಲ್ಲ.”

ಮಾಲವ್ವ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಬಿಟ್ಟಳು. “ನನಗೂ ವಾಸನಿ ಬಂದಿತ್ರಿ, ಮೊನ್ನಿಂದ,” ಅಂದಳು. “ಎಲ್ಲಾರೂ ಗಿರಣೀದು ಅಂದ್ರು. ಹಳ್ಳಿ ಹೆಂಗಸು, ನಕ್ಕಾರು ಅಂತ ಸುಮ್ನಾದೆ. ಕೊರೀರಿ.”

“ಏ, ಏನ್ ಹಚ್ಚೀರಿ!” ಎಂದು ನಾಗಲಿಂಗಪ್ಪ ಕೂಗಿದ. “ಬಂಡಿ ನಿಂತಾವ!”

“ನಿಂದ್ರಲಿ,” ಅಂದಳು ಮಾಲವ್ವ. “ಎತ್ತು ಎಷ್ಟ ದಿನ ಅಂತ ಯಾರನ್ನೂ ಕೇಳೂದಿಲ್ಲ.”

ಬಿಸಿನೀರು, ಶಿರ್ಕಾ ಎಂಬ ಹುಳಿರಸ, ಉದ್ದ ಮೂತಿಯ ಕತ್ತರಿ, ಸಣ್ಣ ಗರಗಸ. ಗೋದುಬಾಯಿ ಮೊದಲು “ನಾ ಏನೂ ನೋಡಿಲ್ಲ ಬಾಬಾ” ಎನ್ನುತ್ತ ಹೊರಗೆ ಹೋದಳು. ಎರಡು ನಿಮಿಷಕ್ಕೆ ತಿರುಗಿ ಬಂದು ಬೋಗುಣಿ ಹಿಡಿದು ನಿಂತಳು. ಅಡಿವೆಯ್ಯ ಗಾಯ ಇದ್ದ ಜಾಗವನ್ನು ನೆನಪಿನಿಂದ ಗುರುತಿಸಿ, ನಾಲ್ಕು ಬೆರಳಗಲ ಚೌಕಕ್ಕೆ ಶಿರ್ಕಾ ಹನಿಸಿದ. ಪ್ಲಾಸ್ಟರು ಮೆತ್ತಗಾಗಲು ಹೊತ್ತು ಹಿಡಿಯಿತು. ಗಂಗಿ ಅಪ್ಪನ ಕೈ ಹಿಡಿದುಕೊಂಡಿದ್ದಳು. ಬೈಯುತ್ತಲೇ ಅವನು ಕೈ ಕೊಟ್ಟಿದ್ದ.

“ಕಾಲ ಕೊಯ್ತೀಯೇನಜ್ಜಾ?”

“ಕಾಲ ಅಲ್ಲವ್ವ. ಕಾಲಿಗೆ ಕಲ್ಲಿನ ಅಂಗಿ ಹೊಲದಾರ, ಅದಕ್ಕ ಒಂದ ಕಿಸೆ ಮಾಡತೇನಿ.”

“ಕಿಸೆದಾಗ ಏನ ಇಡೂದು?”

“ನೋಡೂಣು, ಏನೈತಿ.”

ನೋಡೋಣ. ಆ ಮಾತು ಅವನ ಬಾಯಿಂದಲೇ ಬಂತು. ಗರಗಸ ಕಿರ್ ಕಿರ್ ಎಂದಿತು. ಬಿಳಿಯ ಹುಡಿ ಅವನ ಕೈಯ ಕೂದಲಿನ ಮೇಲೆ, ಹಾಸಿಗೆಯ ಮೇಲೆ ಬಿತ್ತು. ಮೂರು ಬದಿ ಕೊರೆದು ನಾಲ್ಕನೆಯದಕ್ಕೆ ಬಂದಾಗ ಕೈ ಸೋತಿತು, ಒತ್ತಿದ್ದು ಹೆಚ್ಚಾಯಿತು. ಚಟ್ ಎಂದು ಪ್ಲಾಸ್ಟರು ಉದ್ದಕ್ಕೆ ಸೀಳಿತು, ಮೊಣಕಾಲಿನವರೆಗೆ. ಹುಡುಗಿ ಚೀರಿದಳು. ಆ ಚೀರು ಅವನ ಎದೆಯ ಲಿಂಗದವರೆಗೆ ಬಂತು. ಇನ್ನು ಕಿಟಕಿಯ ಮಾತಿಲ್ಲ. ಇಡೀ ಪ್ಲಾಸ್ಟರೇ ಹೋಯಿತು. ಅಲ್ಲಿಯೇ ನಿಲ್ಲಿಸಬಹುದಾಗಿತ್ತು, ಡಾಕ್ಟರನ್ನು ಕರೆಯಬಹುದಾಗಿತ್ತು. ಕತ್ತರಿಯ ಮೂತಿಯನ್ನು ಸೀಳಿನಲ್ಲಿ ತೂರಿಸಿ ಚೌಕವನ್ನು ಎತ್ತಿದ. ಒಳಗಿನ ಹತ್ತಿ ಹಳದಿಯಾಗಿ ಒದ್ದೆಯಾಗಿ ಅಂಟಿತ್ತು. ವಾಸನೆ ಮುಖಕ್ಕೆ ಹೊಡೆಯಿತು. ಗೋದುಬಾಯಿ ಮುಖ ತಿರುವಿದಳು. ಬಿಸಿನೀರು ಹನಿಸುತ್ತ ಹನಿಸುತ್ತ ಹತ್ತಿಯನ್ನು ಒಂದೊಂದೇ ಎಳೆ ಬಿಡಿಸಿದ. ಒಳಗೆ ಕಂಡದ್ದನ್ನು ಅವನು ಬಹಳ ಹೊತ್ತು ನೋಡಿದ, ನಂಬದೆ ಮತ್ತೊಮ್ಮೆ ತೊಳೆದು ನೋಡಿದ.

ಗಾಯ ಚೊಕ್ಕವಾಗಿತ್ತು. ಅಂಚಿನಿಂದ ಅಂಚಿಗೆ ಕೆಂಪು ಮಾಂಸ ಸಣ್ಣ ಸಣ್ಣ ಕಾಳಾಗಿ ಎದ್ದಿತ್ತು, ಒಡೆದ ದಾಳಿಂಬರದ ಹಾಗೆ. ತೊಳೆದ ಮೇಲೆ ಅದಕ್ಕೆ ವಾಸನೆ ಇರಲಿಲ್ಲ. ಕಿಟಕಿಯಿಂದ ಗಿರಣಿಯ ಗಾಳಿ ಬರುತ್ತಲೇ ಇತ್ತು.

ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನಿಗೆ ನಾಚಿಕೆಯಾಗಬೇಕಾಗಿತ್ತು, ಆಗುವುದನ್ನು ಕಾದ. ಅದರ ಬದಲು ಬೇರೊಂದು ಲೆಕ್ಕ ಬಂತು. ಗೋಡೆಯ ಗಡಿಯಾರ ನೋಡಿದ. ಅರ್ಧ ತಾಸು ಹಿಡಿದಿತ್ತು. ಒಂದು ಬೋಗುಣಿ ಬಿಸಿನೀರು, ಅರ್ಧ ಸೀಸೆ ಶಿರ್ಕಾ, ಅರ್ಧ ತಾಸು. ಕಾಶಿಯ ಹತ್ತನೆಯ ದಿನ ಸಂಜೆ ಅವನ ಹತ್ತಿರ ಇವೆಲ್ಲ ಇದ್ದವು. ಅವತ್ತೂ ಕೊರೆದಿದ್ದರೆ ಹೆಚ್ಚೆಂದರೆ ಇಷ್ಟೇ ಆಗುತ್ತಿತ್ತು. ಒಂದು ಚೀರು, ನಾಲ್ಕು ಮಂದಿಯ ನಗು, ವಹಿಯಲ್ಲಿ ಒಂದು ಗುರುತು ಕಡಿಮೆ.

“ಯಾರ ಹೇಳಿದ್ರು ನಿಮಗ?” ಡಾಕ್ಟರು ಬಾಗಿಲಲ್ಲಿದ್ದರು. ಓಡಿ ಬಂದು ಕಾಲಿನ ಎರಡೂ ಕಡೆ ಕೈಯಾನಿಸಿ ಎಲುಬನ್ನು ಮುಟ್ಟಿ ಮುಟ್ಟಿ ನೋಡಿದರು. ಹಣೆಯಲ್ಲಿ ಬೆವರು ಬಂದಿತ್ತು. “ದೇವರ ಪುಣ್ಯೇ, ಎಲುಬು ಸರಿದಿಲ್ಲ. ಹಲಗಿ ಕಟ್ಟಿ ಇಡಬೇಕು, ಪ್ಲಾಸ್ಟರ ಬರೂತನಕ. ಇನ್ನ ಮೂರ ವಾರ ಹೋತು. ಏನ ಸಿಕ್ತು ನಿಮಗ ಒಳಗ? ಹೇಳ್ರಿ!”

“ಏನೂ ಇಲ್ಲ. ಚೊಕ್ಕ ಐತಿ.”

“ನಾ ಹೇಳಿರಲಿಲ್ಲಾ?”

“ಹೇಳಿದ್ರಿ. ಖರೇ ಆತು. ಆದರ ನಿಮಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾತು.”

“ನಾಳೆ ಇನ್ನೊಂದ ಹುಡುಗನ ಪ್ಲಾಸ್ಟರ ನಾರತದ. ಅದನ್ನೂ ಕೊರೀತೀರೇನು?”

“ಕೊರೀತೇನಿ.”

ಡಾಕ್ಟರು ದವಾಖಾನೆಯ ಕಮಿಟಿಗೆ ಬರೆಯುತ್ತೇನೆ ಅಂದರು. ಬರೀರಿ ಅಂದ. ನೌಕರಿ ಹೋಗತದ ಅಂದರು. ಹೋಗ್ಲಿ, ಕಿಟಕಿಯಿಂದ ಬಂದು ಕೊರೀತೇನಿ ಅಂದ. ಗೋದುಬಾಯಿ ಬೋಗುಣಿಯ ಮರೆಯಲ್ಲಿ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಅಡಿವೆಯ್ಯ ಎದ್ದು, ಮಂಚದ ಕಾಲಿಗೆ ತೂಗುಬಿದ್ದ ಸ್ಲೇಟನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಮಗುಚಿ ಇಟ್ಟ. ಪಕ್ಕದಲ್ಲೇ ವಹಿ ಇತ್ತು. ತೆರೆದ. ಹಾಳೆ ಹುಡುಕಬೇಕಾಗಿರಲಿಲ್ಲ, ಒಮ್ಮೆ ತೆರೆದದ್ದು ಬೆರಳಿಗೆ ನೆನಪಿತ್ತು.

“ಸಾಹೇಬರ, ಇಲ್ಲಿ ಬರ್ರಿ. ಇದು ತಪ್ಪೈತಿ.”

ಡಾಕ್ಟರು ನೋಡಿದರು. ಹೆಸರು ಓದಿ ಅವರ ಮುಖ ಬದಲಾಯಿತು. “ಅಯ್ಯಾರ... ಅದು ಮನಿಗೆ ಹೋದ ಮ್ಯಾಲೆ ಆದದ್ದು. ಇದು ದವಾಖಾನ್ಯಾಗ ಇದ್ದ ದಿನದ್ದಷ್ಟ ಲೆಕ್ಕ.”

“ಹತ್ತನೇ ದಿನ ಆ ಕೈ ನಾರತಿತ್ತು. ನಾ ಮೂಸಿದ್ದೆ. ಗಿರಣೀದು ಅಂತ ಬಿಟ್ಟೆ. ಯಾಕಂದ್ರ ಹನ್ನೊಂದಕ್ಕ ಹನ್ನೊಂದು ಆಗಬೇಕಿತ್ತು ನನಗ.”

ಹದಿನಾಲ್ಕು ತಿಂಗಳ ಮಾತು. ಹೇಳಿದ ಮೇಲೆ ಎಷ್ಟು ಚಿಕ್ಕದಾಗಿ ಕೇಳಿಸಿತು. ಡಾಕ್ಟರು ವಹಿಯನ್ನೇ ನೋಡುತ್ತಿದ್ದರು. ಬಹುಶಃ ಆ ಸಂಜೆ ಬಾಗಿಲಲ್ಲಿ ನಿಂತು ತಾವು ಆಡಿದ ಮಾತು ಅವರಿಗೂ ನೆನಪಾಗಿತ್ತು. ಹುಡುಗನಂಥ ದನಿಯಲ್ಲಿ ಕೇಳಿದರು, “ಮತ್ತ ಎಷ್ಟ ಅಂತ ಬರೀಲಿ?”

ಅಡಿವೆಯ್ಯನ ಬಾಯಿ ಅಭ್ಯಾಸದಿಂದ ತೆರೆಯಿತು. ಒಳಗೆ ಅಂಕಿಗಳು ಎದ್ದು ನಿಂತವು. ಇಪ್ಪತ್ತು, ನಲವತ್ತು, ಆ ಕೂಸು ಬದುಕಿದ್ದರೆ ಇಂದಿಗೆ ಎಂಟು ವರ್ಷ. ಬಾಯಿ ಮುಚ್ಚಿದ. ಶಿರ್ಕಾದಲ್ಲಿ ನೆಂದ ಪ್ಲಾಸ್ಟರು ಹೆಬ್ಬೆರಳಿಗೆ ದಪ್ಪವಾಗಿ ಅಂಟಿತ್ತು. ಅದನ್ನು ಕೆಂಪು ಗುರುತಿನ ಮೇಲೆ ಇಟ್ಟು, ಒತ್ತಿ, ಒರೆಸಿದ. ಹಾಳೆಯ ಮೇಲೆ ಬಿಳಿಯ ಪಟ್ಟೆ ಎದ್ದಿತು. ಡಾಕ್ಟರು ತಡೆಯಲಿಲ್ಲ.

ಬಂಡಿಗಳು ಮಧ್ಯಾಹ್ನಕ್ಕೆ ಹೊರಟವು. ನಾಗಲಿಂಗಪ್ಪ ಹೊರಡುವಾಗ ಈ ಸಲ ಪಾದ ಮುಟ್ಟಲಿಲ್ಲ. ಮಗಳ ಕೆನ್ನೆ ತಟ್ಟಿ, ಹೆಂಡತಿಯ ಕೈಗೆ ಜೋಳದ ಹಿಟ್ಟಿನ ಚೀಲ ಕೊಟ್ಟು, ಬಾರುಕೋಲು ಎತ್ತಿಕೊಂಡ. “ಅಯ್ಯಾಗೋಳು ಅಂತ ನಂಬಿದ್ವಿ,” ಅಂದ. “ಇನ್ನ ಯಾರನ್ನ ನಂಬೂದ್ರಿ?” ಉತ್ತರಕ್ಕೆ ನಿಲ್ಲಲಿಲ್ಲ. ಅದು ಸರಿಯಾದ ಬೈಗಳೇ ಎಂದು ಅಡಿವೆಯ್ಯನಿಗೆ ಅನ್ನಿಸಿತು. ಅದನ್ನು ಹೊತ್ತುಕೊಂಡೇ ಶನಿವಾರದ ಬಸ್ಸಿಗೆ ಹಳಿಯಾಳಕ್ಕೆ ಹೋಗಬೇಕು, ಶಿವವ್ವನ ಮುಂದೆ ಕೂತು ಇದೇ ಮಾತು ಇನ್ನೊಮ್ಮೆ ಹೇಳಬೇಕು. ಅವಳು ಏನನ್ನುತ್ತಾಳೋ. ಅದನ್ನು ಅಂದಾಜು ಮಾಡಲು ಹೋಗಲಿಲ್ಲ.

ಕಾಲಿಗೆ ಹಲಗೆ ಕಟ್ಟಿದ ಮೇಲೆ ಗಂಗಿ ಸ್ಲೇಟು ತೂಗುತ್ತಿದ್ದ ಖಾಲಿ ಮೊಳೆಯನ್ನು ನೋಡುತ್ತ ಮಲಗಿದ್ದಳು.

“ಅಜ್ಜಾ, ಪಾಟಿ ಎಲ್ಲೈತಿ? ಈಗ ಎಷ್ಟ ದಿನಾ?”

“ಗೊತ್ತಿಲ್ಲವ್ವ.”

ಹುಡುಗಿ ಅವನನ್ನು ನಂಬದೆ ನೋಡಿದಳು. “ನಿನಗ ಸೈತ ಗೊತ್ತಿಲ್ಲಾ?”

“ನನಗ ಸೈತ.”

ಮಾಲವ್ವ ಹಿಟ್ಟಿನ ಚೀಲವನ್ನು ಎತ್ತಿಕೊಂಡು ಹಿತ್ತಲಿನ ಒಲೆಯ ಕಡೆಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತಳು. “ಮತ್ತ ನಾ ಎಷ್ಟ ರೊಟ್ಟಿ ಬಡೀಲ್ರಿ ಅಜ್ಜಾರ?”

“ಇವತ್ತಿನ್ವು ಬಡಿ.”

ಅವಳು ಹಿಂದಿರುಗಿ, ಚೀಲದ ಬಾಯಿ ಬಿಚ್ಚಿ, ಒಂದು ಹೊತ್ತಿನ ಹಿಟ್ಟನ್ನು ಬುಟ್ಟಿಗೆ ಸುರಿದುಕೊಂಡಳು. ಉಳಿದದ್ದನ್ನು ಮಂಚದ ಕೆಳಗೆ ತಳ್ಳಿದಳು. ಕಟ್ಟೆಯ ಮೇಲಿನ ತೊಡೆ ಮುರಿದ ಹುಡುಗನನ್ನು ಒಳಗೆ ತಂದು, ಎರಡು ಬೆಂಚುಗಳನ್ನು ಜೋಡಿಸಿ, ಗಂಗಿಯ ಮಂಚದ ಪಕ್ಕದಲ್ಲೇ ಮಲಗಿಸಲು ಗೋದುಬಾಯಿ ಜಾಗ ಮಾಡುತ್ತಿದ್ದಳು. ಅವನ ತಾಯಿ ಅಡಿವೆಯ್ಯನ ವಿಭೂತಿಯನ್ನು ಕಂಡು ಕೈ ಮುಗಿದು, ಬಾಯಿ ತೆರೆದಳು. ಅವಳು ಏನು ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವಳು ಕೇಳುವ ಮೊದಲೇ ಅವನು ಹುಡುಗನ ತೊಡೆಯ ಕಡೆ ಬಾಗಿದ. ಹಿತ್ತಲಿನಿಂದ ಮಾಲವ್ವ ರೊಟ್ಟಿ ಬಡಿಯುವ ಸದ್ದು ಬರತೊಡಗಿತು, ತಪ್, ತಪ್, ತಪ್. ಅವನು ಎಣಿಸಲಿಲ್ಲ.